ಸೋಮವಾರದ ಕರೆ

ಮಾರ್ಚ್ 3, ಸೋಮವಾರ

ಬಂದ ಕೂಡಲೇ ಕುರ್ಚಿ ಕೆಳಗಿಳಿಸಿಕೊಂಡೆ. ರಾತ್ರಿ ಪಾಳಿಯ ಒಂಟೆ ದಿನಾ ಅದನ್ನು ಅಟ್ಟಕ್ಕೇರಿಸಿ ಹೋಗಿರುತ್ತಾನೆ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ. ಆದರೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವವನನ್ನು ಬೇರೆ ಏನು ಅಂತ ಕರೆಯುವುದು. ಮೊದಲು ಈ ಡೆಸ್ಕಿನಲ್ಲಿ ಐದು ಜನ ಇದ್ದೆವು. ಈಗ ನಾವಿಬ್ಬರೇ. ಅವನು ಹೊರಡುವಾಗ ನಾನು ಬರುತ್ತೇನೆ. ಹತ್ತು ನಿಮಿಷದ ಭೇಟಿ. ಅವನಿಗಿಂತ ಅವನ ಟೀ ಲೋಟವೇ ನನಗೆ ಹೆಚ್ಚು ಪರಿಚಯ.

"ಏನಿದೆ?" ಅಂದೆ.

"ಏನಿಲ್ಲ. ಸೂರ್ಯನ ಪೂರ್ವದ ಅಂಚಲ್ಲಿ ಎರಡು ಕಲೆ. ಸಾಸಿವೆ ಕಾಳಷ್ಟು. ನೌಕೆ ಚೆನ್ನಾಗಿದೆ."

ನೌಕೆ ಚೆನ್ನಾಗಿದೆ ಎನ್ನುವುದನ್ನು ಅವನು ಮನೆಯವರ ಕ್ಷೇಮ ಹೇಳುವ ಹಾಗೆ ಹೇಳುತ್ತಾನೆ. ಭೂಮಿಗೂ ಸೂರ್ಯನಿಗೂ ನಡುವೆ, ಹದಿನೈದು ಲಕ್ಷ ಕಿಲೋಮೀಟರ್ ಆಚೆ, ಒಂದೇ ನಿಂತಿದೆ ಪಾಪದ್ದು. ಸೂರ್ಯನ ಬಿರುಗಾಳಿಯ ಹೊಡೆತ ಮೊದಲು ಅದಕ್ಕೆ, ಆಮೇಲೆ ನಮಗೆ. ಆ ನಡುವಿನ ಅರ್ಧ ಮುಕ್ಕಾಲು ಗಂಟೆಯಲ್ಲಿ ಎಚ್ಚರಿಸುವುದಕ್ಕೆ ನಮಗೆ ಸಂಬಳ.

ಹತ್ತಕ್ಕೆ ವಿದ್ಯುತ್ ಗ್ರಿಡ್ ಕಂಟ್ರೋಲ್ ರೂಮಿಗೆ ವಾರದ ಪರೀಕ್ಷಾ ಕರೆ. ಲೈನು ಸರಿಯಿದೆಯೇ ಎಂದು ನೋಡುವುದಕ್ಕೆ. ಎರಡೂ ಕಡೆ ಮಾತು ಮೊದಲೇ ಗೊತ್ತುಮಾಡಿದ್ದು, ಎಲ್ಲ ರೆಕಾರ್ಡ್ ಆಗುತ್ತದೆ.

"ಸೌರ ಹವಾಮಾನ ಡೆಸ್ಕ್. ಪರೀಕ್ಷಾ ಕರೆ. ಮಟ್ಟ ಸೊನ್ನೆ. ದಯವಿಟ್ಟು ಮರಳಿ ಹೇಳಿ."

"ಗ್ರಿಡ್ ಕಂಟ್ರೋಲ್. ಪರೀಕ್ಷಾ ಕರೆ. ಮಟ್ಟ ಸೊನ್ನೆ. ದಾಖಲಾಯಿತು ಮೇಡಂ."

"ಧನ್ಯವಾದ ಸರ್."

ಆ ಸರ್ ನನ್ನ ಒಡಹುಟ್ಟಿದ ಅಣ್ಣ. ಅಮ್ಮ ಬೇಗ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಸೊಟ್ಟ ಸೊಟ್ಟ ಜಡೆ ಹೆಣೆದು ನನ್ನನ್ನು ಶಾಲೆಗೆ ಕಳಿಸುತ್ತಿದ್ದವನು. ಈಗ ಮೇಡಂ ಅನ್ನುತ್ತಾನೆ. ಮೂಗು ಕಟ್ಟಿತ್ತು ಇವತ್ತು. ಕೇಳಬೇಕೆನಿಸಿತು... ಕೇಳಲಿಲ್ಲ.

ಮಾರ್ಚ್ 5, ಬುಧವಾರ

ಅತ್ತಿಗೆ ಫೋನು. ಅಣ್ಣ ಡ್ಯೂಟಿಗೆ ಹೋದಮೇಲೆ ಮಾಡುತ್ತಾಳೆ, ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ದನಿ ತಗ್ಗಿಸಿ.

"ಅವರಿಗೆ ನೆಗಡಿ ಕಣೇ."

"ಗೊತ್ತು. ಸೋಮವಾರ ಕೇಳಿಸ್ತು."

"ಕೇಳಿಸ್ತು ಅಂತೀಯ, ಹೇಗಿದೀಯ ಅಂತ ಕೇಳೋಕೆ ಏನು ಕಷ್ಟ ನಿಂಗೆ?"

"ಅವನೇ ಮಾತು ಬಿಟ್ಟಿದ್ದು ಅತ್ತಿಗೆ. ಅವನೇ ಆಡಲಿ."

"ಮಾಡಿ, ಹಠ ಮಾಡಿ. ಇಬ್ಬರೂ ಒಂದೇ ಅಚ್ಚು," ಅಂತ ಇಟ್ಟಳು.

ಜಗಳ ಆಗಿ ವರ್ಷವಾಗುತ್ತಾ ಬಂತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸೂರ್ಯ ಒಂದು ದೊಡ್ಡ ಮೋಡವನ್ನು ನಮ್ಮ ಕಡೆಗೇ ಉಗುಳಿದ್ದ. ಐದರಲ್ಲಿ ಮಟ್ಟ ನಾಲ್ಕು ಎಂದು ಎಚ್ಚರಿಕೆ ಕಳಿಸಿದೆ. ಅಣ್ಣ ಅದನ್ನು ನಂಬಿ, ಟ್ರಾನ್ಸ್‌ಫಾರ್ಮರ್ ಸುಡದಿರಲಿ ಎಂದು ಲೋಡ್ ಇಳಿಸಿದ, ಅಂದರೆ ಕರೆಂಟ್ ತೆಗೆದ. ಅರ್ಧ ಊರು ಸಂಜೆಯೆಲ್ಲ ಕತ್ತಲಲ್ಲಿ ಕೂತಿತು. ಮೋಡ ಬಂದದ್ದೂ ನಿಜ, ಬಡಿದದ್ದೂ ನಿಜ. ಆದರೆ ಅದರ ಕಾಂತಕ್ಷೇತ್ರ ಉತ್ತರಕ್ಕಿತ್ತು. ಉತ್ತರಕ್ಕಿದ್ದರೆ ಭೂಮಿಯ ಬಾಗಿಲು ತಟ್ಟಿ ಹಾಗೇ ಮುಂದೆ ಹೋಗುತ್ತದೆ, ದಕ್ಷಿಣಕ್ಕಿದ್ದರೆ ಬಾಗಿಲು ತೆರೆದುಕೊಂಡು ಒಳಗೆ ಬರುತ್ತದೆ. ಯಾವ ಕಡೆಗಿದೆ ಎನ್ನುವುದು ನೌಕೆಗೆ ತಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಆ ಸಲ ಅಣ್ಣ ಅದಕ್ಕೂ ಕಾಯದೆ ಲೋಡ್ ತೆಗೆದಿದ್ದ. ತಂಗಿ ಹೇಳಿದ್ದಾಳೆ ಅಂತ.

ಒಂದು ಬಲ್ಬೂ ಸುಡಲಿಲ್ಲ. ಅವನಿಗೆ ಮೆಮೊ ಬಂತು. ಅವನ ಕೈಕೆಳಗೆ ಕೆಲಸ ಕಲಿತವನು ಅವನ ಮೇಲಿನ ಕುರ್ಚಿಗೆ ಹೋದ. ಅವರ ಮನೆಯಲ್ಲೇ ಊಟಕ್ಕೆ ಕೂತಾಗ ನಾನು ಉತ್ತರ ದಕ್ಷಿಣ ಎಲ್ಲ ವಿವರಿಸಲು ಹೋದೆ. ತಟ್ಟೆ ಪಕ್ಕಕ್ಕೆ ಸರಿಸಿ, "ನಿಂಗೆ ಅದು ಚಿತ್ರ ಕಣೇ. ನಂಗೆ ಅದು ಊರು," ಅಂದ. ಅದೇ ಕೊನೆಯ ಮಾತು. ಮುಂದಿನ ಸೋಮವಾರದಿಂದ ಮೇಡಂ.

ಮಾರ್ಚ್ 10, ಸೋಮವಾರ

ಪರೀಕ್ಷಾ ಕರೆ. ದನಿ ತಿಳಿಯಾಗಿದೆ, ನೆಗಡಿ ಹೋಗಿದೆ. ಹದಿನೈದು ಸೆಕೆಂಡಿನ ಕರೆಗೆ ನಾನು ಬೆಳಗ್ಗೆಯಿಂದ ಗಂಟಲು ಸರಿಮಾಡಿಕೊಂಡು ಕೂತಿದ್ದೆ. ಬೇರೆ ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನೋಡಲು ಯಾರೂ ಇಲ್ಲ ಎನ್ನುವುದೊಂದು ಅನುಕೂಲ.

ಸಾಸಿವೆ ಕಾಳುಗಳು ಸಾಸಿವೆ ಕಾಳುಗಳಾಗಿ ಉಳಿದಿಲ್ಲ. ಸೂರ್ಯ ತಿರುಗುತ್ತಾ ತಿರುಗುತ್ತಾ ಅವನ್ನು ಮುಂದಕ್ಕೆ ತಂದಿದ್ದಾನೆ. ಈಗ ದೊಡ್ಡ ಗುಂಪು, ಒಳಗೆ ಗೋಜಲು. ನಡುಮಧ್ಯಕ್ಕೆ ಬಂದಿದೆ, ಅಂದರೆ ನೇರ ನಮ್ಮ ಮುಖಕ್ಕೆ. ನನಗೆ ಇದು ಇಷ್ಟವಾಗುತ್ತಿಲ್ಲ.

ಮನೆಗೆ ಬಂದರೆ ಅತ್ತಿಗೆಯ ಫೋನು.

"ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡ. ಇನ್ನೊಂದು ಸಲ ಹಾಗೇನಾದ್ರೂ ಆದ್ರೆ ಅವರನ್ನ ಸ್ಟೋರ್ಸ್‌ಗೆ ಹಾಕ್ತಾರಂತೆ. ನಟ್ಟು ಬೋಲ್ಟು ಲೆಕ್ಕ ಬರೆಯೋಕೆ. ಮೂವತ್ತು ವರ್ಷ ಕಂಟ್ರೋಲ್ ರೂಮಲ್ಲಿ ಕೂತವರು ಬದುಕ್ತಾರೇನೇ ಅಲ್ಲಿ?"

"ನಾನೇನು ಮಾಡ್ಲಿ ಅತ್ತಿಗೆ?"

"ಸ್ವಲ್ಪ ದಿನ ಏನೂ ಕಳಿಸ್ಬೇಡ. ಅಷ್ಟೇ."

ಸೂರ್ಯ ನನ್ನ ಕೈಕೆಳಗೆ ಕೆಲಸ ಮಾಡುತ್ತಿಲ್ಲ ಎನ್ನಬೇಕಿತ್ತು. "ನೋಡೋಣ" ಅಂದೆ. ಅವಳು ಅದನ್ನು ಆಗಲಿ ಅಂತ ತಿಳಿದುಕೊಂಡಳು. ನನಗೆ ಗೊತ್ತಾಯಿತು, ತಿದ್ದಲಿಲ್ಲ.

ಮಾರ್ಚ್ 13, ಗುರುವಾರ

ಬೆಳಗ್ಗೆ ಗುಂಪು ಸಿಡಿಯಿತು. ಮೊದಲು ಎಕ್ಸ್-ರೇ ಗೆರೆ ಮೇಲೇರಿತು, ಇಳಿಯಲೇ ಇಲ್ಲ ಬೇಗ. ಇಂಥ ನಿಧಾನದವೇ ಅಪಾಯದವು. ಆಮೇಲೆ ಆ ಕ್ಯಾಮೆರಾದ ಚಿತ್ರಗಳು ಬಂದವು, ಸೂರ್ಯನ ಮುಖಕ್ಕೆ ಬಿಲ್ಲೆ ಅಡ್ಡ ಹಿಡಿದು ಸುತ್ತಲಿನ ಪ್ರಭೆ ಮಾತ್ರ ನೋಡುವುದು. ಬಿಲ್ಲೆಯ ಸುತ್ತ ಪೂರ್ತಿ ಉಂಗುರ. ಉಂಗುರ ಕಂಡರೆ ಎರಡೇ ಅರ್ಥ. ಒಂದೋ ನಮ್ಮ ಕಡೆಗೇ ಬರುತ್ತಿದೆ, ಇಲ್ಲವೋ ಬೆನ್ನು ಹಾಕಿ ಆ ಕಡೆ ಹೋಗುತ್ತಿದೆ. ನೋಡುವುದಕ್ಕೆ ಎರಡೂ ಒಂದೇ. ಸೂರ್ಯನ ಮುಖದ ಚಿತ್ರ ತೆಗೆದು ನೋಡಿದೆ. ಸಿಡಿದದ್ದು ನಡುಮಧ್ಯಕ್ಕೆ ಹತ್ತಿರದಲ್ಲೇ. ಬರುತ್ತಿದೆ.

ಲೆಕ್ಕ ಹಾಕಿದೆ. ನಾಳೆ ಸಂಜೆ. ಮಟ್ಟ ನಾಲ್ಕು.

ನಮ್ಮ ಮುಖ್ಯಸ್ಥರು, ದೊಡ್ಡವರು, ಬಂದು ಬೆನ್ನ ಹಿಂದೆ ನಿಂತರು. ಹೋದ ಸಲ ಅವರಿಗೂ ಬಿಸಿ ತಾಗಿತ್ತು.

"ಮೂರು ಅಂತ ಕಳಿಸಿದ್ರೆ ಹೇಗೆ?"

"ಲೆಕ್ಕ ನಾಲ್ಕು ಅನ್ನತ್ತೆ ಸರ್."

"ಲೆಕ್ಕ ಹೋದ ಸಲಾನೂ ಅಂದಿತ್ತು. ನಿಮ್ಮಿಷ್ಟ. ಸಹಿ ನಿಮ್ಮದು," ಅಂತ ಹೇಳಿ ಕಾಫಿಗೆ ಹೋದರು. ಇಂಥ ಹೊತ್ತಲ್ಲಿ ಅವರಿಗೆ ಕಾಫಿ ನೆನಪಾಗುತ್ತದೆ.

ಮೂರು ಅಂದರೆ ಗ್ರಿಡ್‌ನವರು ಸುಮ್ಮನೆ ಗಮನವಿಟ್ಟಿರಬೇಕು, ಅಷ್ಟೇ. ಅಣ್ಣ ಏನನ್ನೂ ಮಾಡಬೇಕಾಗಿಲ್ಲ. ಅವನ ಕುರ್ಚಿ ಅವನಿಗೇ ಇರುತ್ತದೆ. ಬೆರಳು ಮೂರರ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಬರುತ್ತಿರುವುದು ದಕ್ಷಿಣಕ್ಕಿದ್ದು, ಅವನು ಕೈಕಟ್ಟಿ ಕೂತು, ಟ್ರಾನ್ಸ್‌ಫಾರ್ಮರ್ ಸುಟ್ಟು ತಿಂಗಳುಗಟ್ಟಲೆ ಕತ್ತಲಾದರೆ? ಆಗಲೂ ಅವನ ತಲೆಗೇ. ಈ ಸಲ ನಾನು ಬೇಕೆಂದೇ ಹೇಳಿದ ಸುಳ್ಳಿನಿಂದ.

ನಾಲ್ಕು ಒತ್ತಿ ಫೋನು ಎತ್ತಿದೆ.

"ಮಟ್ಟ ನಾಲ್ಕು. ನಾಳೆ ಸಂಜೆ. ದಿಕ್ಕು ಗೊತ್ತಿಲ್ಲ. ದಯವಿಟ್ಟು ಮರಳಿ ಹೇಳಿ."

ಆ ಕಡೆ ಉಸಿರು ಕೇಳಿಸುತ್ತಿತ್ತು.

"ಮಟ್ಟ... ನಾಲ್ಕು. ನಾಳೆ ಸಂಜೆ. ದಿಕ್ಕು ಗೊತ್ತಿಲ್ಲ. ದಾಖಲಾಯಿತು ಮೇಡಂ."

ಸಂಜೆ ಅತ್ತಿಗೆಯ ಫೋನು ಬರಲಿಲ್ಲ. ನಾನೇ ಮಾಡಿದೆ. ಎತ್ತಲಿಲ್ಲ.

ಮಾರ್ಚ್ 14, ಶುಕ್ರವಾರ

ಮೂರೂವರೆಯಿಂದ ಪರದೆಯ ಮುಂದೆ ಅಲುಗಾಡದೆ ಕೂತಿದ್ದೆ. ಒಂಟೆ ಪಾಳಿ ಇಲ್ಲದಿದ್ದರೂ ಬಂದು ಪಕ್ಕದಲ್ಲಿ ಕೂತ. ತನ್ನ ಟೀ ಲೋಟ ನನ್ನ ಕಡೆ ಸರಿಸಿದ. ಒಳ್ಳೆಯವನು.

ನಾಲ್ಕೂವರೆ ಆಸುಪಾಸು ಗಾಳಿಯ ವೇಗದ ಗೆರೆ ಒಮ್ಮೆಲೇ ಜಿಗಿಯಿತು. ನೌಕೆಗೆ ತಾಗಿತು. ದಿಕ್ಕಿನ ಗೆರೆ ಮೊದಲು ಉತ್ತರಕ್ಕೆ ಹೋಯಿತು. ಮತ್ತೆ ಅದೇ ಕಥೆ, ಅಣ್ಣ ಕೆಟ್ಟ ಅಂದುಕೊಂಡೆ. ಆಮೇಲೆ ತಿರುಗಿತು. ಸೊನ್ನೆ ದಾಟಿ ದಕ್ಷಿಣಕ್ಕೆ ಇಳಿಯಿತು, ಇಳಿಯುತ್ತಲೇ ಇತ್ತು. ನಾನು ಇಪ್ಪತ್ತು ವರ್ಷದಲ್ಲಿ ಅಷ್ಟು ಕೆಳಗೆ ನೋಡಿಲ್ಲ.

ನನಗೆ ಸಂತೋಷವಾಯಿತು. ಇದನ್ನು ಇಲ್ಲಿ ಬರೆಯದೆ ಎಲ್ಲಿ ಬರೆಯಲಿ. ಭೂಮಿಗೆ ಪೆಟ್ಟು ಬೀಳುತ್ತದೆ ಎಂದು ಒಂದು ಕ್ಷಣ ಸಂತೋಷಪಟ್ಟೆ.

"ಮಟ್ಟ ನಾಲ್ಕು ಖಚಿತ. ದಿಕ್ಕು ದಕ್ಷಿಣ. ಸಮಯ ಮೂವತ್ತು ನಿಮಿಷ. ದಯವಿಟ್ಟು ಮರಳಿ ಹೇಳಿ."

ಅಣ್ಣ ಒಂದೊಂದೇ ಮಾತು ಮರಳಿ ಹೇಳಿದ. ದಾಖಲಾಯಿತು ಮೇಡಂ ಅಂದ. ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ.

"ಊಟ ಆಯ್ತಾ?"

ಸಂಜೆ ಐದು ಗಂಟೆ. ರೆಕಾರ್ಡ್ ಆಗುವ ಲೈನು.

"ಇಲ್ಲ," ಅಂದೆ.

"ಮಾಡಿ ಮೇಡಂ," ಅಂತ ಇಟ್ಟ.

ಸ್ವಲ್ಪ ಹೊತ್ತಿಗೆ ದೀಪ ಒಮ್ಮೆ ಮಿಣುಕಿತು, ಯುಪಿಎಸ್ ಕೂಗಿಕೊಂಡಿತು. ಕಿಟಕಿಯಿಂದ ನೋಡಿದರೆ ರಸ್ತೆಯ ಸಿಗ್ನಲ್ಲುಗಳೂ ಇಲ್ಲ. ನಿಯಮದ ಪ್ರಕಾರ ಅವನು ಮೇಲಿನವರ ಒಪ್ಪಿಗೆ ಬರುವವರೆಗೆ ಕಾಯಬೇಕು. ಒಪ್ಪಿಗೆ ಇಷ್ಟು ಬೇಗ ಬರುವುದು ಸಾಧ್ಯವಿಲ್ಲ. ಕಾಯಲಿಲ್ಲ ಅವನು.

ಮಾರ್ಚ್ 15, ಶನಿವಾರ

ಬಿರುಗಾಳಿ ರಾತ್ರಿಯೆಲ್ಲ ಬಡಿದು ಬೆಳಗ್ಗೆ ತಣ್ಣಗಾಯಿತು. ಕರೆಂಟು ಬಂದಿದೆ. ಒಂದು ಟ್ರಾನ್ಸ್‌ಫಾರ್ಮರೂ ಹೋಗಿಲ್ಲ. ಅಂದರೆ ಅಣ್ಣ ಮಾಡಿದ್ದು ಸರಿ. ಅಂದರೆ ಹೋದ ಸಲದ ಹಾಗೇ ಏನೂ ಆಗಲಿಲ್ಲ. ಅಂದರೆ —

ಕೆಳಗಿನ ಮನೆಯ ಒಡತಿ ಮೆಟ್ಟಿಲಲ್ಲಿ ಸಿಕ್ಕಳು. ಮೂರು ವರ್ಷದಿಂದ ಇದೇ ಮನೆಯಲ್ಲಿದ್ದೇನೆ, ನನಗೆ ಆಫೀಸಲ್ಲಿ ಏನೋ ಬರೆಯುವ ಕೆಲಸ ಅಂತ ತಿಳಿದಿದ್ದಾಳೆ.

"ನೋಡಿದ್ರಾ, ಬಿಸಿಲಿಗೆ ಹೆದರಿ ಕರೆಂಟ್ ತೆಗೀತಾರಂತೆ. ಫ್ರಿಜ್ಜಲ್ಲಿದ್ದ ಹಾಲೆಲ್ಲ ಒಡೆದುಹೋಯ್ತು. ಯಾವನೋ ತಲೆಕೆಟ್ಟವನು ಕೂತಿರಬೇಕು ಅಲ್ಲಿ."

"ನಮ್ಮಣ್ಣ," ಅಂದೆ.

ತಮಾಷೆ ಅಂದುಕೊಂಡು ನಕ್ಕಳು. ನಾನೂ ನಕ್ಕು ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಎಷ್ಟು ದಿನವಾಗಿತ್ತು ಅತ್ತು.

ಮಾರ್ಚ್ 26, ಬುಧವಾರ

ವಿಚಾರಣೆ. ಉದ್ದ ಟೇಬಲ್ಲು, ಆ ಕಡೆ ಮೂವರು, ಈ ಕಡೆ ನಾನೊಬ್ಬಳು, ಮಧ್ಯೆ ನೀರಿನ ಬಾಟಲಿಗಳು. ಅಣ್ಣನನ್ನು ಬೆಳಗ್ಗೆಯೇ ಕರೆದಿದ್ದರು. ಕಾರಿಡಾರಿನಲ್ಲಿ ಎದುರಾದ. ಕೂದಲು ಪೂರ್ತಿ ಬೆಳ್ಳಗಾಗಿದೆ. ದನಿ ಕೇಳಿಕೊಂಡೇ ಇದ್ದವಳಿಗೆ ಕೂದಲಿನ ವಿಷಯ ಹೇಗೆ ಗೊತ್ತಾಗಬೇಕು. ತಲೆಯಾಡಿಸಿ ಮುಂದೆ ಹೋದ.

ರೆಕಾರ್ಡಿಂಗ್ ಹಾಕಿದರು. ದಪ್ಪ ಕನ್ನಡಕದವರು ನಿಲ್ಲಿಸಿ ಕೇಳಿದರು, "ಈ 'ಊಟ ಆಯ್ತಾ' ಅನ್ನೋದು ಏನು? ಯಾವ ಸಂಕೇತ?"

"ಸಂಕೇತ ಅಲ್ಲ ಸರ್. ಊಟ ಆಯ್ತಾ ಅಂತ ಕೇಳಿದ್ದು."

"ಬಿರುಗಾಳಿ ಬರೋಕೆ ಮೂವತ್ತು ನಿಮಿಷ ಇದೆ. ಗ್ರಿಡ್ ಇಂಜಿನಿಯರ್ ನಿಮ್ಮ ಊಟ ಯಾಕೆ ವಿಚಾರಿಸ್ತಾರೆ?"

"ನಮ್ಮಣ್ಣ ಸರ್."

ಪೆನ್ನುಗಳು ನಿಂತವು. ದೊಡ್ಡವರು ಮೂಲೆಯಲ್ಲಿ ಕೂತಿದ್ದರು, ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ಇಷ್ಟು ವರ್ಷ ಹೇಳಲೇ ಇಲ್ಲವಲ್ಲಮ್ಮ!" "ಯಾರೂ ಕೇಳಲಿಲ್ಲ ಸರ್," ಅಂದೆ. ಆಫೀಸು ಬೇರೆ ಬೇರೆ. ಯಾರಿಗೆ ಹೊಳೆಯಬೇಕು.

ಟೇಬಲ್ಲಿನ ತುದಿಯಲ್ಲಿದ್ದ ಹೆಂಗಸು ಮೆತ್ತಗೆ ಕೇಳಿದರು. ಮೆತ್ತಗೆ ಕೇಳುವವರದ್ದೇ ಹರಿತ. "ಹಾಗಾದ್ರೆ ಅವರು ಒಪ್ಪಿಗೆಗೆ ಕಾಯದೆ ಲೋಡ್ ತೆಗೆದದ್ದು ನಿಯಮ ನೋಡಿ ಅಲ್ಲ, ತಂಗಿ ಹೇಳಿದಳು ಅಂತ. ಅಲ್ವಾ?"

ಹೌದು ಅಂದರೆ ಅವನ ಕಥೆ ಮುಗಿಯಿತು. ನನಗೆ ತಟ್ಟನೆ ಹೊಳೆದದ್ದು ಒಂದೇ. "ಇಲ್ಲ ಮೇಡಂ. ನಮ್ಮಿಬ್ಬರಿಗೆ ಮಾತಿಲ್ಲ. ಒಂದು ವರ್ಷ ಆಯ್ತು. ನನ್ನನ್ನ ಮೆಚ್ಚಿಸೋ ಅಗತ್ಯ ಅವರಿಗಿಲ್ಲ. ಅಂಕಿ ನೋಡಿ ತೆಗೆದಿದ್ದಾರೆ. ಬೇಕಾದ್ರೆ ನಮ್ಮ ಅತ್ತಿಗೆಯನ್ನ ಕೇಳಿ. ಸೋಮವಾರದ ಕರೆಗಳೆಲ್ಲ ನಿಮ್ಮ ಹತ್ತಿರಾನೇ ಇವೆ. ಒಂದರಲ್ಲಾದ್ರೂ ಹೇಗಿದೀಯ ಅಂತ ಇದೆಯಾ?"

ಹುಡುಕಿಸಿದರು. ಇರಲಿಲ್ಲ. ಒಂದೊಂದೇ ಕರೆ ಹಾಕಿ ಕೇಳಿಸಿದರು. ಮಟ್ಟ ಸೊನ್ನೆ, ದಾಖಲಾಯಿತು, ಧನ್ಯವಾದ. ಮಟ್ಟ ಸೊನ್ನೆ, ದಾಖಲಾಯಿತು, ಧನ್ಯವಾದ. ಬೇಸಿಗೆ, ಮಳೆ, ಚಳಿ, ಎಲ್ಲ ಹೋಯಿತು ಅದರಲ್ಲಿ. ಕನ್ನಡಕದವರೇ ಕೊನೆಗೆ ಸಾಕು ನಿಲ್ಲಿಸಿ ಅಂದರು.

ತೀರ್ಮಾನ ಬರುವವರೆಗೆ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಕೂಡದು ಅಂತ ಅಪ್ಪಣೆ. ಅದಕ್ಕೆ ಅಪ್ಪಣೆ ಬೇರೆ ಬೇಕಿತ್ತು.

ಮಾರ್ಚ್ 31, ಸೋಮವಾರ

ಪರೀಕ್ಷಾ ಕರೆ. ಮಟ್ಟ ಸೊನ್ನೆ. ಅವನು ದಾಖಲಾಯಿತು ಅಂದ. ಮೇಡಂ ಅನ್ನುವುದಕ್ಕೆ ಮೊದಲು ಒಂಚೂರು ತಡೆದ. ನಾನು ಸರ್ ಅನ್ನುವುದಕ್ಕೂ ತಡೆದೆ. ಇಬ್ಬರಿಗೂ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವ ಭಯ.

ಆ ಕಲೆಗಳ ಗುಂಪು ಸೂರ್ಯನ ಹಿಂದಕ್ಕೆ ಹೋಗಿ ಮರೆಯಾಗಿದೆ. ಇವತ್ತು ಬೋಳು ಸೂರ್ಯ. ನೋಡುವುದಕ್ಕೆ ಏನೂ ಇಲ್ಲ.

ಏಪ್ರಿಲ್ 8, ಮಂಗಳವಾರ

ತೀರ್ಮಾನ ಬಂತು. ಲೋಡ್ ತೆಗೆಯದಿದ್ದರೆ ಎರಡು ದೊಡ್ಡ ಟ್ರಾನ್ಸ್‌ಫಾರ್ಮರ್ ಸುಡುತ್ತಿದ್ದವು ಎಂದು ಅವುಗಳ ಎಣ್ಣೆಯ ಬಿಸಿ ನೋಡಿ ಒಪ್ಪಿಕೊಂಡಿದ್ದಾರೆ. ಕಾಯದೆ ತೆಗೆದದ್ದಕ್ಕೆ ಒಂದು ಎಚ್ಚರಿಕೆ, ಅಷ್ಟೇ. ಅಣ್ಣನ ಕುರ್ಚಿ ಉಳಿಯಿತು. ಓದಿ ಟೇಬಲ್ಲಿನ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಕೆಳಗೆ ಇನ್ನೊಂದು ಸಾಲಿತ್ತು. ಒಂದೇ ಲೈನಿನ ಎರಡು ತುದಿಯಲ್ಲಿ ಒಂದೇ ಮನೆಯವರು ಇರುವ ಹಾಗಿಲ್ಲ. ಇಬ್ಬರಲ್ಲಿ ಒಬ್ಬರು ವಾರದೊಳಗೆ ಜಾಗ ಬಿಡಬೇಕು.

"ಯಾರು ಬಿಡೋದು ಅಂತ ನಿಮಗೇ ಬಿಟ್ಟಿದ್ದಾರೆ," ಅಂದರು ದೊಡ್ಡವರು. "ಅಣ್ಣ ತಂಗಿ ಕೂತು ಮಾತಾಡಿಕೊಳ್ಳಿ. ಈಗ ಮಾತಾಡಬಹುದು."

ಮಾತಾಡಬಹುದು. ಹೇಗೆ ಶುರುಮಾಡುವುದು ಎಂದು ಅವರು ಹೇಳಲಿಲ್ಲ. ಮನೆಗೆ ಬಂದು ಮೂರು ಸಲ ಅವನ ನಂಬರು ತೆಗೆದೆ. ಏನಂತ ಹೇಳುವುದು? ನೀನೇ ಇರು ಅಂದರೆ ಉಪಕಾರ ಹೊರಿಸಿದ ಹಾಗೆ. ಅವನೇ ಮಾಡಲಿ ಅಂತ ಕಾದೆ. ಮಾಡಲಿಲ್ಲ.

ಏಪ್ರಿಲ್ 9, ಬುಧವಾರ

ಬೆಳಗ್ಗೆ ಹೋದವಳೇ ಮೇಲ್ ಕಳಿಸಿಬಿಟ್ಟೆ. ನಕ್ಷತ್ರ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ, ನನ್ನನ್ನು ಅಲ್ಲಿಗೆ ಹಾಕಿ ಅಂತ. ಅಲ್ಲಿಯೂ ಸಿಡಿತಗಳನ್ನೇ ನೋಡುವುದು, ಬೇರೆ ಸೂರ್ಯರದ್ದು. ಆದರೆ ಆ ಬೆಳಕು ಹೊರಟಾಗ ನಾನು ಹುಟ್ಟಿರಲಿಲ್ಲ. ಯಾರಿಗೂ ಫೋನು ಮಾಡಿ ಎಚ್ಚರಿಸುವ ಕೆಲಸವಿಲ್ಲ. ಆ ವಿಭಾಗದ ಕೋಣೆಗೆ ಹೋಗಿ ನೋಡಿ ಬಂದೆ. ಟೇಬಲ್ಲಿನ ಮೇಲೆ ಫೋನೇ ಇಲ್ಲ.

"ಅಣ್ಣನ ಹತ್ತಿರ ಮಾತಾಡಿದ್ರಾ?" ಅಂದರು ದೊಡ್ಡವರು.

"ಹೂಂ ಸರ್," ಅಂದೆ. ಸುಳ್ಳು.

ಒಂಟೆಗೆ ಹೇಳಿದೆ. ಅವನು ಟೀ ಲೋಟ ತೊಳೆದಿಟ್ಟು, "ಕುರ್ಚಿ ಇನ್ನು ಇಳಿಸೋರಿಲ್ಲ," ಅಂದ.

ಏಪ್ರಿಲ್ 11, ಶುಕ್ರವಾರ

ದೊಡ್ಡವರು ಒಳಗೆ ಕರೆದರು. ಕೋಪವೋ ಮರುಕವೋ ಗೊತ್ತಾಗದ ಮುಖ.

"ಮಾತಾಡಿಕೊಂಡ್ವಿ ಅಂದ್ರಲ್ಲಮ್ಮ?"

ಅವರ ಮುಂದಿದ್ದ ಎರಡು ಹಾಳೆ ನೋಡಿದೆ.

"ನೀವು ಬರೆದ ದಿನಾನೇ ಅವರೂ ಬರೆದಿದ್ದಾರೆ. ತಂಗಿ ಆ ಡೆಸ್ಕಲ್ಲೇ ಇರಲಿ, ನನ್ನನ್ನ ಸ್ಟೋರ್ಸ್‌ಗೆ ಹಾಕಿ ಅಂತ. ಅಲ್ಲಿ ಒಪ್ಪಿ ಆದೇಶ ಆಗಿದೆ. ಇಲ್ಲಿ ನಾನೂ ನಿಮ್ಮದು ಕಳಿಸಿಬಿಟ್ಟಿದ್ದೆ. ಎರಡೂ ಆಗಿಹೋಯ್ತು. ಇನ್ನು ವಾಪಸ್ ತಗೊಳ್ಳೋ ಹಾಗಿಲ್ಲ." ಆಮೇಲೆ ಮೆತ್ತಗೆ, "ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲಮ್ಮ," ಅಂದರು.

ಯಾವ ಜಾಗಕ್ಕೆ ಹೆದರಿ ಅತ್ತಿಗೆ ನನ್ನ ಕಾಲು ಹಿಡಿಯುವುದೊಂದು ಬಾಕಿ ಇತ್ತೋ, ಆ ಜಾಗವನ್ನೇ ಕೇಳಿ ಪಡೆದಿದ್ದಾನೆ. ನನಗಾಗಿ. ನಾನು ಇಲ್ಲದ ಡೆಸ್ಕಿಗಾಗಿ. ಮುಂದಿನ ಸೋಮವಾರ ಹತ್ತಕ್ಕೆ ಒಂಟೆ ಯಾರೋ ಗುರುತಿಲ್ಲದವರಿಗೆ ಮಟ್ಟ ಸೊನ್ನೆ ಅನ್ನುತ್ತಾನೆ. ಅವರು ದಾಖಲಾಯಿತು ಅನ್ನುತ್ತಾರೆ. ಆ ಲೈನಿನಲ್ಲಿ ನಾವಿಬ್ಬರೂ ಇರುವುದಿಲ್ಲ.

ಬಸ್ಸಿನಲ್ಲಿ ಬರುವಾಗ ಮೊದಲು ಅಳು, ಅರ್ಧ ದಾರಿಗೆ ಸಿಟ್ಟು. ಮೆಟ್ಟಿಲು ಹತ್ತುವಷ್ಟರಲ್ಲಿ ಬರೀ ಸಿಟ್ಟು. ಚಪ್ಪಲಿ ಬಿಡದೆಯೇ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದ. ನಾನು ಬಾಯಿ ತೆರೆಯಬೇಕು, ಆ ಕಡೆಯಿಂದಲೇ ಶುರುವಾಯಿತು.

"ಬುದ್ಧಿ ಇದೆಯೇನೇ ನಿಂಗೆ? ಚಿಕ್ಕಂದಿನಿಂದ ಸೂರ್ಯ ಸೂರ್ಯ ಅಂತ ಪ್ರಾಣ ತಿಂದವಳು, ಹೋಗಿ ಆ ಮೂಲೆ ಕೋಣೆ ಸೇರ್ತೀಯಾ? ಯಾರೇ ಕೇಳಿದ್ರು ನಿನ್ನ?"

"ನಿನ್ನ ಯಾರು ಕೇಳಿದ್ರು? ನಟ್ಟು ಬೋಲ್ಟು ಎಣಿಸೋಕೆ ಹೋಗು ಅಂತ ನಾನು ಹೇಳಿದ್ನಾ?"

"ನಾನು ದೊಡ್ಡವನು ಕಣೇ."

"ಅದಕ್ಕೆ?"

"ಅದಕ್ಕೇ."

ಇಬ್ಬರೂ ಫೋನು ಇಡಲಿಲ್ಲ. ಅವನ ಮನೆಯ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಅತ್ತಿಗೆ ಹಿಂದಿನಿಂದ "ಬೈಬೇಡ್ರೀ ಅವಳಿಗೆ" ಅನ್ನುತ್ತಿದ್ದಳು. "ಇರು, ಈಗ ಮಾಡ್ತೀನಿ, ಇನ್ನೂ ಮುಗಿದಿಲ್ಲ ನಂದು," ಅಂತ ಇಟ್ಟ. ದನಿ ಒಡೆದಿತ್ತು. ಮುಖ ತೊಳೆದು ಬರಲು ಹೋಗಿರಬೇಕು.

ಚಪ್ಪಲಿ ಇನ್ನೂ ಕಾಲಲ್ಲೇ ಇದೆ. ದೀಪ ಹಾಕಿಲ್ಲ. ಕತ್ತಲಲ್ಲಿ ಅಕ್ಷರ ನೆಟ್ಟಗಿಲ್ಲ. ವರ್ಷದಿಂದ ಕೂಡಿಟ್ಟದ್ದು ಎಷ್ಟಿದೆ ಅವನಿಗೆ ಹೇಳುವುದು, ಮೊದಲು ಆ ಕೂದಲಿನ ವಿಷಯ ಕೇಳಬೇಕು, ಆಮೇಲೆ

ಫೋನು.